ಲ್ಯಾಬಿನ ಮೈಕಿನಲ್ಲಿ ಅಪ್ಪನ ಕೂಗು

ನನ್ನ ಹುಚ್ಚುತನವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾನು ಭೌತಶಾಸ್ತ್ರದ ಲ್ಯಾಬಿನ ಕಂಪ್ಯೂಟರಿನ ಮುಂದೆ ಕೂತು, ತೀರಿಹೋದ ಅಪ್ಪನ ದನಿಯನ್ನು ತಯಾರಿಸಲು ಹೊರಟಿದ್ದೆ. ಸಿಲೆಬಸ್ಸಿನಲ್ಲಿ ಅಂಥ ಪ್ರಯೋಗ ಇರಲಿಲ್ಲ. ಇದ್ದಿದ್ದರೆ ನಮ್ಮ ಸೀನಿಯರ್‌ಗಳು ಅದರ ಉತ್ತರವನ್ನೂ ಬರೆದಿಟ್ಟಿರುತ್ತಿದ್ದರು, ನಾನೂ ಅದನ್ನು ನೋಡಿ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ಇನ್ನೊಬ್ಬರದನ್ನು ನೋಡಿ ಮಾಡುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಪ್ರಿನ್ಸಿಪಾಲರು ‘ಶಿಸ್ತು’ ಎನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಕ್ಯಾಂಟೀನಿನ ಕಾಕಾ ಚಹಾ ನೀರಾಗಿದೆ ಎಂದವನ ಕಡೆ ನೋಡದೆಯೇ ಇನ್ನೊಂದಿಷ್ಟು ನೀರು ಸುರಿಯುವುದು, ಗೋಕಾಕದ ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮೊದಲು ಬಾಯೊಳಗಿನ ಎಲೆಅಡಿಕೆಯನ್ನು ಎಡದವಡೆಗೆ ಸರಿಸುವುದು, ಎಲ್ಲ ಬರುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ನನ್ನದೇ ವೈವಾ. ಮೇಲಿನ ಫ್ಯಾನಿನಲ್ಲಿ ಉತ್ತರ ಬರೆದಿರುವಂತೆ ಕಣ್ಣು ಮೇಲೆ, ನಾಲಿಗೆ ತುಟಿಯ ಮೇಲೆ, ‘ಸರ್, ಅದು, ಅಂದ್ರ, ಸರ್’. ಇದಕ್ಕೆ ಹಾಸ್ಟೆಲಿನಲ್ಲಿ ಬೇಡಿಕೆ ಜಾಸ್ತಿಯಿತ್ತು. ಪರೀಕ್ಷಕರ ಮುಂದೆ ಅದನ್ನೇ ಪುಕ್ಕಟೆಯಾಗಿ ಮಾಡಿದೆ, ಅಲ್ಲಿ ಯಾರೂ ನಗಲಿಲ್ಲ.

ನಮ್ಮ ಮನೆ ಮೂಡಲಗಿಯಲ್ಲಿ. ಕಾಲೇಜು ಹುಕ್ಕೇರಿ ಕಡೆ. ನಡುವೆ ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು, ಆದರೆ ಲ್ಯಾಬಿಗೆ ಅದಿನ್ನೂ ಬಂದಿರಲಿಲ್ಲ. ಸೋಡಿಯಂ ದೀಪದ ಹಳದಿ ಬೆಳಕು, ಕಾಲು ಕುಂಟುವ ಸ್ಪೆಕ್ಟ್ರೋಮೀಟರ್, ಒತ್ತಿದರೆ ನಿಲ್ಲದ ಸ್ಟಾಪ್‌ವಾಚು. ಇಂಥಲ್ಲಿ ರೀಡಿಂಗ್ ತೆಗೆದುಕೊಂಡು ಉತ್ತರಕ್ಕೆ ಹೋಗುವುದು ಕಷ್ಟ ಎಂದು ನಮ್ಮ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು: ಉತ್ತರದಿಂದ ಹಿಂದಕ್ಕೆ ನಡೆದು ರೀಡಿಂಗಿಗೆ ಬರುವುದು. ನನ್ನ ಜೋಡಿದಾರ ಕೌಜಲಗಿಯವನು ಇದರಲ್ಲಿ ಪಂಡಿತ. ಲೋಲಕವನ್ನು ಸ್ಟ್ಯಾಂಡಿಗೆ ತೂಗುಹಾಕುವ ಮೊದಲೇ ಅದು ಎಷ್ಟು ಹೊತ್ತಿಗೆ ಎಷ್ಟು ಸಲ ಆಡುತ್ತದೆಂದು ಬರೆದು ಮುಗಿಸುತ್ತಿದ್ದ. ಎಲ್ಲ ಸರಿಯಾಗಿ ಬಂದರೆ ಸಂಶಯ ಬರುತ್ತದೆಂದು ಕೊನೆಯ ಒಂದು ರೀಡಿಂಗನ್ನು ತಾನೇ ಸ್ವಲ್ಪ ಕೆಡಿಸುತ್ತಿದ್ದ. ಅಷ್ಟು ನಾಜೂಕು.

ಈ ಪದ್ಧತಿಗೆ ಕಲ್ಲು ಹಾಕಿದವರು ನಮ್ಮ ಲ್ಯಾಬಿನ ಸರ್. ಬೆಲ್ಲದ ಬಾಗೇವಾಡಿಯಿಂದ ದಿನಾ ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದ ಹೊಸ ಲೆಕ್ಚರರು. ಕಂಪ್ಯೂಟರ್ ವಿಭಾಗದವರು ಬೇಡವೆಂದು ಹೊರಗಿಟ್ಟಿದ್ದ ಎರಡು ಯಂತ್ರಗಳನ್ನು ಹೊತ್ತು ತಂದು ನಮ್ಮ ಟೇಬಲ್ಲಿನ ಮೇಲೆ ಕೂರಿಸಿದರು. ಒಂದಕ್ಕೆ ಮುಚ್ಚಳವೇ ಇರಲಿಲ್ಲ, ಒಳಗಿನ ಫ್ಯಾನು ತಿರುಗುವುದು ಕಾಣುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಕೀಲಿಗೊಂಚಲಿನ ಲೇಸರ್ ದೀಪವನ್ನು ಒಂದು ಕಡೆ ಕಟ್ಟಿ, ಎದುರಿಗೆ ಬೆಳಕು ಬಿದ್ದರೆ ಗೊತ್ತಾಗುವ ಸಣ್ಣ ಬಿಲ್ಲೆಯೊಂದನ್ನು ಕೂರಿಸಿ, ಅದರ ವೈರನ್ನು ಕಂಪ್ಯೂಟರಿನ ಮೈಕಿನ ತೂತಿಗೆ ಚುಚ್ಚಿದರು. ಲೋಲಕ ಆ ಬೆಳಕನ್ನು ಅಡ್ಡಹಾಯ್ದಾಗಲೆಲ್ಲ ಪರದೆಯ ಮೇಲೆ ಒಂದು ಮುಳ್ಳು ಏಳುತ್ತಿತ್ತು. ಮುಳ್ಳಿನಿಂದ ಮುಳ್ಳಿಗೆ ಎಷ್ಟು ಹೊತ್ತು ಎಂದು ಯಂತ್ರವೇ ಹೇಳುತ್ತಿತ್ತು. ನನ್ನ ಜೋಡಿದಾರ ಅದನ್ನೇ ನೋಡುತ್ತ ನಿಂತ, ಅನ್ನ ಕಿತ್ತುಕೊಂಡವರನ್ನು ನೋಡುವ ಹಾಗೆ.

ಆಮೇಲೆ ಬಂತು ಮೈಕು. ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಬಡಿದು ಮೈಕಿನ ಮುಂದೆ ಹಿಡಿದರೆ ಪರದೆಯಲ್ಲಿ ಒಂದು ಕೋಲು ಎದ್ದು ನಿಲ್ಲುತ್ತಿತ್ತು. ಅದು ನಿಂತ ಜಾಗವೇ ಆ ನಾದದ ಕಂಪನ ಸಂಖ್ಯೆ. ನಮ್ಮ ಕವೆಯ ಮೈಮೇಲೆ 512 ಎಂದು ಕೊರೆದಿತ್ತು. ಎಷ್ಟು ಬ್ಯಾಚುಗಳ ಕೈಯಿಂದ ಕಲ್ಲಿನ ನೆಲಕ್ಕೆ ಬಿದ್ದಿತ್ತೋ, ಕೋಲು ಎದ್ದದ್ದು ಅದಕ್ಕಿಂತ ತುಸು ಈಚೆಗೆ. ನನ್ನ ಜೋಡಿದಾರ ಯೋಚನೆಯನ್ನೇ ಮಾಡದೆ 512 ಎಂದು ಬರೆದ. ಕಂಪ್ಯೂಟರ್ ಹಳೆಯದಾದ್ದರಿಂದ ತಪ್ಪು ತೋರಿಸುತ್ತಿದೆ ಎಂಬ ಟಿಪ್ಪಣಿಯನ್ನೂ ಸೇರಿಸಿದ. ಸರ್ ಅದರ ಮೇಲೆ ಗೆರೆ ಎಳೆದು, ಅವರು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ ಮಾತನ್ನೇ ಹೇಳಿದರು.

“ಕೊರದದ್ದ ಬರೀಬ್ಯಾಡ್ರಿ. ಕಂಡದ್ದ ಬರೀರಿ.”

ನಾನು ಆ ಮಾತನ್ನು ಅದೇ ದಿನ ಕಲಿತೆ. ‘ಕಂಡದ್ದ’ ಎನ್ನುವಾಗ ಅವರ ಹುಬ್ಬು ಮೇಲೇರುತ್ತಿತ್ತು, ‘ಬರೀರಿ’ ಎನ್ನುವಾಗ ಪೆನ್ನು ಜೇಬಿಗೆ ಇಳಿಯುತ್ತಿತ್ತು. ಮುಂದಿನ ವಾರ ಸರ್ ಬರುವ ಮೊದಲು ಬ್ಯಾಚಿನ ಮುಂದೆ ಮಾಡಿ ತೋರಿಸುತ್ತಿದ್ದೆ. ನಗುತ್ತಿದ್ದವರೆಲ್ಲ ಒಮ್ಮೆಲೇ ನಗು ನಿಲ್ಲಿಸಿದರು. ಹಿಂದೆ ಸರ್.

ಬೈಯಲಿಲ್ಲ. ಮೈಕಿನ ಮುಂದೆ ಕೂರಿಸಿ, ಅದನ್ನೇ ಇನ್ನೊಮ್ಮೆ ಅನ್ನು ಎಂದರು. ಅಂದೆ. ಆಮೇಲೆ ತಾವೂ ಅಂದರು. ಎರಡೂ ದನಿಗಳ ಚಿತ್ರವನ್ನು ಪರದೆಯಲ್ಲಿ ಒಂದರ ಕೆಳಗೊಂದು ನಿಲ್ಲಿಸಿದರು. ಮೊದಲ ಕೋಲು ಇಬ್ಬರದೂ ಹತ್ತಿರ ಹತ್ತಿರ ಇತ್ತು. ಅದರಾಚೆ ಸಾಲಾಗಿ ನಿಂತ ಸಣ್ಣ ಕೋಲುಗಳು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದವು. ಅವತ್ತಿನ ಪಾಠ ಅದೇ ಆಯಿತು. ನಾದದ ಎತ್ತರ ಒಂದೇ ಆದರೂ ಆಚೆಯ ಆ ಕೋಲುಗಳಿಂದ ದನಿ ದನಿಗೆ ವ್ಯತ್ಯಾಸ, ಅದಕ್ಕೇ ಕೊಳಲು ಬೇರೆ, ಪೀಪಿ ಬೇರೆ. ನಾನು ಕದ್ದಿರುವುದು ಅವರ ಮಾತಿನ ನಡಿಗೆಯನ್ನೇ ಹೊರತು ಗಂಟಲನ್ನಲ್ಲ ಎಂದು ಸರ್ ತೋರಿಸಿದರು. ಪಿಯುಸಿಯಲ್ಲಿ ಉರುಹೊಡೆದಿದ್ದ ಅಧ್ಯಾಯ ಅವತ್ತು ಮೊದಲ ಸಲ ತಲೆಯೊಳಗೆ ಹೋಯಿತು. ಒಳ್ಳೆಯ ವಿದ್ಯಾರ್ಥಿಯಾಗಿ ಅಲ್ಲ, ಸಿಕ್ಕಿಬಿದ್ದ ಕಳ್ಳನಾಗಿ.

ದೀಪಾವಳಿ ಮುಗಿದ ಮೇಲೆ ಅಪ್ಪ ಹೋದ. ಬೆಲ್ಲದ ಪೇಟೆಯಲ್ಲಿ ಸವಾಲು, ಅಂದರೆ ಹರಾಜು, ಕೂಗುವ ಕೆಲಸ ಅವನದು. ಪೆಂಟೆಗಳ, ಆ ದಪ್ಪ ಬೆಲ್ಲದ ಗಟ್ಟಿಗಳ, ನಡುವೆ ನಿಂತು ಬೆಳಿಗ್ಗೆಯಿಂದ ಕೂಗುವುದು. ಕೂಗುತ್ತಲೇ ಎದೆ ಹಿಡಿದುಕೊಂಡು ಒಂದು ಪೆಂಟೆಯ ಮೇಲೆ ಕೂತನಂತೆ, ಮತ್ತೆ ಏಳಲಿಲ್ಲ. ನಾನು ಗೋಕಾಕದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದರು. ಹೇಳಿದ ಹಾಗೆ ಮಾಡಿದೆ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಪಕ್ಕದ ಮನೆಯವರದು ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು. ಬೆಂಕಿ ಇಟ್ಟ ಮೇಲೆ ನನ್ನ ಬಾಜೂ ನಿಂತವರ ಹೊಸ ಚಪ್ಪಲಿಯ ಅಂಗಡಿ ಚೀಟಿ ಇನ್ನೂ ಕಿತ್ತಿರಲಿಲ್ಲ ಎಂಬುದು ನೆನಪಿದೆ. ಬೇರೆ ಅಷ್ಟಾಗಿ ನೆನಪಿಲ್ಲ. ನಾನು ಯಾವಾಗ ಅಳುತ್ತೇನೆಂದು ಮನೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಕಿದ್ದರೆ ಅಳುವವರೆಲ್ಲರ ಹಾಗೆ ಅತ್ತು ತೋರಿಸಬಲ್ಲವನಾಗಿದ್ದೆ. ನನ್ನ ಹಾಗೆ ಅಳುವುದು ಬರಲಿಲ್ಲ.

ಕಾಲೇಜಿಗೆ ಮರಳಿದೆ. ಯಾರಾದರೂ ಕೇಳಿದರೆ ಪ್ರಿನ್ಸಿಪಾಲರ ಗಂಟಲು ಮಾಡಿ ತೋರಿಸುತ್ತಿದ್ದೆ. ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು, ಯಾಕೋ.

ಹೀಗಿರುವಾಗ ಒಂದು ದಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದರೆ ಕಾಕಿ ಎತ್ತಿದಳು. ಒಂದೇ ಮನೆಯನ್ನು ಎರಡು ಪಾಲು ಮಾಡಿಕೊಂಡಿದ್ದೆವು. ಆ ಕಡೆ ಕಾಕಾ, ಕಾಕಿ, ಅವರ ಮಕ್ಕಳು, ಈ ಕಡೆ ನಾವು. ಅಕ್ಕನ ಮದುವೆಯಾಗಿತ್ತು, ನಾನು ಹಾಸ್ಟೆಲಿನಲ್ಲಿ, ಹೀಗಾಗಿ ನಮ್ಮ ಕಡೆಯ ಒಲೆಗೆ ಈಗ ಅವ್ವ ಒಬ್ಬಳೇ. ಕಾಕಿ ದನಿ ತಗ್ಗಿಸಿ ಹೇಳಿದಳು.

“ನಿಮ್ಮವ್ವ ಸಂಜೀಕ ಉಣ್ಣಾಂಗಿಲ್ಲಪಾ. ಕರದ್ರ ಬರಾಂಗಿಲ್ಲ. ಅಡಗಿ ಮಾಡ್ಕೊಂಡ ಕುಂದರತಾಳ, ಹೊತ್ತ ಮುಳಗಿತಂದ್ರ ಮುಚ್ಚಿಡತಾಳ. ಸೀರಿ ನಿರಿಗಿ ಹೆಚ್ಚಾಗ್ಯಾವ ನೋಡ ಆಕೀವು.”

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಜೈನರ ಮನೆ, ಅದರಲ್ಲೂ ಅವ್ವ ಕಟ್ಟುನಿಟ್ಟು. ಸೂರ್ಯ ಹೋದನೆಂದರೆ ಮರುದಿನದವರೆಗೆ ಅವಳ ಹೊಟ್ಟೆಗೆ ಏನೂ ಇಲ್ಲ. ಬೆಳಗಿನ ಊಟವೂ ಅವಳದು ಹೆಸರಿಗಷ್ಟೇ ಎಂದಳು ಕಾಕಿ. ಆ ಶನಿವಾರ ಊರಿಗೆ ಹೋದಾಗ ಅವ್ವನನ್ನೇ ಕೇಳಿದೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ ಎಂದಳು. ದಿನಾ ಹೀಗೇ ಗೊತ್ತಾಗುವುದಿಲ್ಲವೇ ಎಂದರೆ, ಗೊತ್ತಾಗುವುದಿಲ್ಲ ಎಂದಳು. ಅವಳ ಕೈ ರೊಟ್ಟಿಯ ಬುಟ್ಟಿಯ ಮೇಲಿತ್ತು, ಮಣಿಕಟ್ಟಿನ ಎಲುಬು ಕಾಣುತ್ತಿತ್ತು.

ನಾನು ಇಂಜಿನಿಯರಿಂಗ್ ಓದುವವನು. ಕೂಡಲೇ ಕಾರಣ ಕಂಡುಹಿಡಿದೆ. ಹೊತ್ತನ್ನು ಗೊತ್ತುಮಾಡುತ್ತಿದ್ದವನು ಅಪ್ಪ. ಪೇಟೆಯಲ್ಲಿ ಕೂಗಿ ಕೂಗಿ ಅವನ ಗಂಟಲು ಸವೆದಿತ್ತು, ಮನೆಯಲ್ಲಿ ಮಾತೇ ಕಡಿಮೆ. ಆದರೆ ಹಿತ್ತಲಿನ ಗೋಡೆಯ ಮೇಲೆ ಬಿಸಿಲು ಕೆಂಪಾಗುತ್ತಿದ್ದಂತೆ ಪಡಸಾಲೆಯಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದ, ಎರಡೂ ಪಾಲಿಗೆ ಕೇಳುವಂತೆ. ‘ಹೊತ್ತ ಹೋತು, ಉಣ್ಣಾಕ ಏಳ್ರಿ.’ ಮಕ್ಕಳೆಲ್ಲ ಓಡಿಬಂದು, ಗಬಗಬ ತಿಂದು, ಉಳಿದ ಬೆಳಕಿನಲ್ಲಿ ಆಡಲು ಮತ್ತೆ ಹೊರಗೆ ಓಡುತ್ತಿದ್ದೆವು. ಅಪ್ಪ ಮಾತ್ರ ಅಡಿಗೆಮನೆಯಿಂದ ಎಲ್ಲರಿಗಿಂತ ತಡವಾಗಿ ಹೊರಬರುತ್ತಿದ್ದ. ಈಗ ಆ ಕೂಗು ಇಲ್ಲ. ಸಿಗ್ನಲ್ ಇಲ್ಲ, ಅದಕ್ಕೇ ಯಂತ್ರ ನಿಂತಿದೆ. ಸಿಗ್ನಲ್ ಕೊಟ್ಟರಾಯಿತು.

ಕೂಗನ್ನು ಕ್ಯಾಸೆಟ್ಟಿಗೆ ತುಂಬಿ, ಕಾಕಿಯ ಕೈಯಲ್ಲಿ ದಿನಾ ಸಂಜೆ ಹಚ್ಚಿಸುವುದು ನನ್ನ ಉಪಾಯ. ತೊಡಕು ಒಂದೇ. ಅಪ್ಪನ ದನಿಯನ್ನು ನಾನು ಚಿಕ್ಕಂದಿನಿಂದಲೂ ಮಾಡುತ್ತಿದ್ದೆ. ಕಾಕಾನ ಮಕ್ಕಳು ಮೋಸ ಹೋಗಿ ಮಧ್ಯಾಹ್ನವೇ ಕೈತೊಳೆದುಕೊಂಡು ಬಂದದ್ದುಂಟು. ಅವ್ವ ಮಾತ್ರ ಒಮ್ಮೆಯೂ ಮೋಸ ಹೋಗಿರಲಿಲ್ಲ. ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ‘ಬಾ ಒಳಗ, ಮಂಗ್ಯಾ’ ಎನ್ನುತ್ತಿದ್ದಳು. ಅವಳ ಕಿವಿಯನ್ನು ದಾಟಬೇಕಾದರೆ ನಡಿಗೆಯಷ್ಟೇ ಸಾಲದು, ಗಂಟಲೂ ಬೇಕು. ಗಂಟಲನ್ನು ಅಳೆಯುವ ಯಂತ್ರ ನಮ್ಮ ಲ್ಯಾಬಿನಲ್ಲಿತ್ತು.

ಅಸಲು ದನಿಯೂ ಇತ್ತು. ಅಕ್ಕನ ಮದುವೆಯಲ್ಲಿ ಕಾಕಾ ಮಂಗಲಾಷ್ಟಕಗಳನ್ನು ಟೇಪಿನಲ್ಲಿ ತುಂಬಿಕೊಂಡಿದ್ದ. ಅವು ಮುಗಿದ ಮೇಲೂ ಬಂದ್ ಮಾಡುವುದು ಮರೆತು, ಮಂಟಪದ ಗದ್ದಲವೆಲ್ಲ ಅದರಲ್ಲಿ ಸೇರಿಕೊಂಡಿತ್ತು. ಆ ಗದ್ದಲದ ನಡುವೆ ಒಂದು ಕಡೆ ಅಪ್ಪ, ಕೂತು ಹರಟುತ್ತಿದ್ದ ಬೀಗರನ್ನು ಎಬ್ಬಿಸುತ್ತ, ‘ಹೊತ್ತ ಹೋತ್ರಿ, ಉಣ್ಣಾಕ ಏಳ್ರಿ’. ಅದನ್ನೇ ಎತ್ತಿ ಹಚ್ಚುವಂತಿರಲಿಲ್ಲ. ಹಿಂದೆ ಬ್ಯಾಂಡು, ಮುಂದೆ ಯಾರದೋ ಕೂಸಿನ ಅಳು. ಆದರೆ ಎದುರಿಗಿಟ್ಟುಕೊಂಡು ನೋಡಿ ಮಾಡಲು ಸಾಕಿತ್ತು.

ಸರ್‌ಗೆ ಎಲ್ಲ ಹೇಳಿದೆ. ನಗುತ್ತಾರೆ ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ, ಎರಡರಲ್ಲಿ ಒಂದು ಮಾಡಿದ್ದರೂ ನಾನು ಈ ಉಪಾಯ ಬಿಡುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಟೇಪಿನಿಂದ ಕಂಪ್ಯೂಟರಿಗೆ ಹೋಗುವ ವೈರು ತಮ್ಮ ಹತ್ತಿರ ಇದೆ ಎಂದರು. ಲ್ಯಾಬು ಮುಗಿದ ಮೇಲೆ ಕೂರತೊಡಗಿದೆವು. ಕೌಜಲಗಿಯವನೂ ಇದ್ದ, ರೀಡಿಂಗ್ ಬರೆದುಕೊಳ್ಳಲು.

ಮೊದಲ ಸಲ ಅಪ್ಪನ ದನಿಯ ಚಿತ್ರ ಪರದೆಯ ಮೇಲೆ ಬಂದಾಗ ಎಡತುದಿಯಲ್ಲಿ ಎಲ್ಲಕ್ಕಿಂತ ಎತ್ತರದ ಒಂದು ಕೋಲು ನಿಂತಿತ್ತು. ನಾನು ಅದರ ಮೇಲೆ ಬೆರಳಿಟ್ಟೆ.

“ಅದು ನಿಮ್ಮಪ್ಪ ಅಲ್ಲೋ,” ಎಂದರು ಸರ್. “ಅದು ಕರೆಂಟಿನ ಗುಂಯ್ ಅನ್ನೂ ಸಪ್ಪಳ. ನಿಮ್ಮಪ್ಪ ಈಚೀಕಡೆ ಅದಾರ.”

ಈಚೀಕಡೆ ನೋಡಿದೆ. ಕೋಲುಗಳಿದ್ದವು, ಆದರೆ ಅವುಗಳ ನಡುವಿನ ಜಾಗ ಖಾಲಿಯಿರಲಿಲ್ಲ, ಹುಲ್ಲು ಬೆಳೆದಂತೆ ತುಂಬಿತ್ತು. ನಾನು ಮೈಕಿನಲ್ಲಿ ಅದೇ ಕೂಗು ಕೂಗಿದರೆ ನನ್ನ ಕೋಲುಗಳ ನಡುವೆ ಬೋಳು ನೆಲ. ಆ ಹುಲ್ಲು ಒಡೆದ ಗಂಟಲಿನದು, ಬೆಲ್ಲದ ಪೇಟೆಯದು ಎಂದು ಸರ್ ತಿಳಿಸಿದರು. ಅದನ್ನು ನೀನು ಎಲ್ಲಿಂದ ತರುತ್ತಿ ಎಂದೂ ಕೇಳಿದರು. ಐಸ್ ಕ್ಯಾಂಡಿ ತಿನ್ನು ಎಂಬುದು ಕೌಜಲಗಿಯವನ ಸಲಹೆ. ತಿಂದೆ. ಕಾಲೇಜಿನ ಹಿಂದಿನ ಗುಡ್ಡಕ್ಕೆ ಹೋಗಿ ಬೆಲ್ಲವಿಲ್ಲದೆ, ಗಿರಾಕಿಗಳಿಲ್ಲದೆ ಸವಾಲು ಕೂಗಿದೆ. ಕುರಿ ಕಾಯುತ್ತಿದ್ದವನೊಬ್ಬ ಬಹಳ ಹೊತ್ತು ನೋಡಿ, ತನ್ನ ಕುರಿಗಳನ್ನು ಸ್ವಲ್ಪ ದೂರಕ್ಕೆ ಹೊಡೆದುಕೊಂಡು ಹೋದ.

ಗಂಟಲು ಕೆಟ್ಟಿತು. ಹುಲ್ಲು ಬಂತು. ದನಿಯನ್ನು ತುಸು ಇಳಿಸಲು ಕಂಪ್ಯೂಟರಿನಲ್ಲೇ ದಾರಿಯಿತ್ತು, ಇಳಿಸಿದೆವು. ಅಪ್ಪನದನ್ನು ಕೇಳುವುದು, ನನ್ನದನ್ನು ಕೇಳುವುದು, ಮತ್ತೆ ಅಪ್ಪನದು. ಎಷ್ಟು ಸಲ ಕೇಳಿದೆನೆಂದರೆ ಕೊನೆಗೆ ಅದು ಅಪ್ಪನೂ ಅಲ್ಲ, ಮಾತೂ ಅಲ್ಲ, ಬಾಗಿಲು ಉಜ್ಜಿದ ಸಪ್ಪಳದಂತೆ ಒಂದು ಸಪ್ಪಳ. ಸರ್ ನಡುವೆ ಒಮ್ಮೆ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು, ಇವತ್ತಿಗೆ ಸಾಕೇನೋ ಎಂದರು. ನಾನು ಬೇಡ ಸರ್, ಮುಂದಿನದು ಹಚ್ಚಿರಿ ಎಂದೆ. ಅವರಿಗೆ ಏನೋ ಆಗುತ್ತಿತ್ತು, ನನಗೆ ಆಗುತ್ತಿರಲಿಲ್ಲ. ನನ್ನ ಕಣ್ಣು ಮೂರನೆಯ ಕೋಲಿನ ಮೇಲಿತ್ತು, ಅದು ಇನ್ನೂ ಗಿಡ್ಡವಾಗಿತ್ತು.

ಮೂರನೆಯ ಕೋಲು ಕೊನೆಯವರೆಗೂ ಗಿಡ್ಡವೇ ಉಳಿಯಿತು. ಕೌಜಲಗಿಯವನು ಎರಡೂ ಸರಿಹೊಂದಿದವು ಎಂದು ಬರೆದೇಬಿಟ್ಟಿದ್ದ, ರೂಢಿ. ಸರ್ ಅದನ್ನು ಹೊಡೆದುಹಾಕಿದರು. ಕಂಡದ್ದನ್ನೇ ಹೇಳುವುದಾದರೆ ಇದು ನಿಮ್ಮಪ್ಪ ಅಲ್ಲ, ನೀನೇ ಎಂದರು. ಆದರೆ ಕಿವಿಗೆ ಏನನ್ನಿಸುತ್ತದೆಂದು ಈ ಯಂತ್ರಕ್ಕೆ ತಿಳಿಯುವುದಿಲ್ಲ, ಒಯ್ದು ನೋಡು ಎಂದು ಕ್ಯಾಸೆಟ್ಟನ್ನು ಒಂದು ಕಾಗದದಲ್ಲಿ ಸುತ್ತಿ ಕೊಟ್ಟರು.

ಶನಿವಾರ ಮೂಡಲಗಿ ಮುಟ್ಟಿದಾಗ ಬಿಸಿಲು ಇನ್ನೂ ಹಿತ್ತಲಿನ ಗೋಡೆಯ ಬುಡದಲ್ಲಿತ್ತು. ಕಾಕಿಗೆ ಗುಂಡಿ ಒತ್ತುವುದನ್ನು ಕಲಿಸಿದೆ. ಅವಳು ಪ್ರತಿ ಸಲ ಒತ್ತುವ ಮೊದಲು ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದಳು. ಟೇಪನ್ನು ಪಡಸಾಲೆಯ ಗೂಡಿನಲ್ಲಿಟ್ಟೆ, ಅಪ್ಪ ನಿಲ್ಲುತ್ತಿದ್ದ ಕಂಬದ ಹತ್ತಿರ. ಒಳಗೆ ಅವ್ವ ರೊಟ್ಟಿ ಬಡಿದು ಮುಗಿಸಿ, ಪಲ್ಯದ ಬೋಗುಣಿ ಮುಚ್ಚಿ, ಗೋಡೆಗೆ ಒರಗಿ ಕೂತಿದ್ದಳು. ಬಿಸಿಲು ಗೋಡೆಯ ಮೇಲೇರಿ ಕೆಂಪಾಯಿತು. ಕಾಕಿ ಬೆರಳು ಒರೆಸಿಕೊಂಡಳು.

ಸ್ವಲ್ಪ ಗುಂಯ್ ಎಂದಿತು. ಆಮೇಲೆ, “ಹೊತ್ತ ಹೋತು, ಉಣ್ಣಾಕ ಏಳ್ರಿ.”

ಗುಂಡಿ ಒತ್ತಿದವಳು ತಾನೇ ಆದರೂ ಕಾಕಿ ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಂತಳು. ಆ ಪಾಲಿನಲ್ಲಿ ಆಡುತ್ತಿದ್ದ ಅವಳ ಮಕ್ಕಳ ಗದ್ದಲ ನಿಂತಿತು. ನಾನು ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ‘ಮಂಗ್ಯಾ’ ಎಂಬ ಮಾತು ಬರಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಬರಲಿಲ್ಲ. ಒಳಗೊಳಗೇ ಬೀಗಿದೆ, ಸುಳ್ಳು ಹೇಳುವುದಿಲ್ಲ. ಯಂತ್ರ ಸೋತಿತು, ನಾನು ಗೆದ್ದೆ ಎಂದುಕೊಂಡೆ.

ಅವ್ವ ಹೊರಗೆ ಬಂದಳು. ಕೈಗೆ ಹಿಟ್ಟು ಅಂಟಿತ್ತು. ನನ್ನನ್ನು ನೋಡಲಿಲ್ಲ, ಕಂಬವನ್ನು ನೋಡಿದಳು, ಆಮೇಲೆ ಗೂಡನ್ನು. ಟೇಪು ಇನ್ನೂ ಖಾಲಿ ಗುಂಯ್ ಎನ್ನುತ್ತಿತ್ತು, ಸರ್ ಹೇಳಿದ ಅದೇ ಕರೆಂಟಿನ ಸಪ್ಪಳ. ಯಾವ ಗುಂಡಿ ಎಂದು ಅವಳಿಗೆ ಗೊತ್ತಿರಲಿಲ್ಲ, ವೈರನ್ನೇ ಹಿಡಿದು ಕಿತ್ತಳು. ಸರಿಯಾಗಿ ಬಂದಿಲ್ಲೇನವಾ ಎಂದು ಕೇಳಿದೆ, ವೈವಾದಲ್ಲಿ ಪರೀಕ್ಷಕರನ್ನು ಕೇಳುವ ಹಾಗೆ.

“ಬಂದೈತಿ. ಬರಲಾರದೇನ,” ಎಂದಳು ಅವ್ವ. “ಆದರ ಆ ಕೂಗ ನಿಮಗಿತ್ತು, ನನಗಲ್ಲ. ನೀವೆಲ್ಲಾ ಉಂಡ ಎದ್ದ ಓಡಿದ ಮ್ಯಾಲೆ, ನಾ ಉಣ್ಣೂತನಕ ಅವರು ನನ್ನ ಮುಂದ ಒಂದ ಮಾತ ಆಡದ ಕುಂತಿರತಿದ್ರು. ಅದನ್ನ ಮಾಡಾಕ ಬರತೈತೇನ ನಿನಗ? ಬರತಿದ್ರ ಒಳಗ ಬಾ, ಹೊತ್ತ ಇನ್ನೂ ಐತಿ.”